ಬಿಜಲಿಗೆ ಹಸಿ ಮೇವು

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅಲ್ಲಾಉದ್ದೀನನಿಗಿಂತ ಅವನ ಕುದುರೆಗೇ ಗುರುತಿನವರು ಹೆಚ್ಚು. ಊರಿನ ಎಷ್ಟೋ ಮದುಮಕ್ಕಳು ಬಿಜಲಿಯ ಬೆನ್ನೇರಿಯೇ ಮದುವೆಗೆ ಹೋದವರು. ಅವರಲ್ಲಿ ಅರ್ಧ ಜನ ಈಗ ಹೆಂಡತಿಯ ಮುಂದೆ ಸೊಲ್ಲೆತ್ತುವುದಿಲ್ಲ. ಅದು ಕುದುರೆಯ ತಪ್ಪಲ್ಲ.

ಬಿಜಲಿಗೆ ವಯಸ್ಸಾಗಿತ್ತು. ಈ ಸಲ ಗಬ್ಬ ನಿಂತದ್ದೇ ಕೊನೆಯದು. ಹುಟ್ಟುವ ಮರಿ ಬೆಳೆದು ತಾಯಿಯ ಜೂಲು ಹೊರದಿದ್ದರೆ, ಅಜ್ಜನ ಕಾಲದ ಉದ್ಯೋಗ ಅಲ್ಲಾಉದ್ದೀನನಿಗೇ ಮುಗಿದಂತೆ. ಮನೆಯ ತಗಡಿನ ಶೆಡ್ಡಿನಲ್ಲಿ ಕುದುರೆ ಹೊರಳಲೂ ಜಾಗವಿಲ್ಲ. ಈಯುವ ತನಕ ಯಾರದಾದರೂ ತೋಟದಲ್ಲಿ ಬಿಡಬೇಕೆಂದು ಎರಡು ಕಡೆ ನೋಡಿ ಬಂದ.

ಬಬಲೇಶ್ವರದ ಪರಸವ್ವನ ಹೊಲದಲ್ಲಿ ಗಬ್ಬದ ಕುದುರೆಗಳು ಮೈತುಂಬ ಮಣ್ಣು ಮೆತ್ತಿಕೊಂಡು ಬಯಲಲ್ಲಿ ತಿರುಗುತ್ತಿದ್ದವು. ಮರಿಗಳು ಬಂದು ಅವನ ಕೈಚೀಲ ಕಚ್ಚಿ ಎಳೆದವು. ಮೇವು ಅಂದರೆ ಜೋಳದ ಒಣ ಕಣಕಿ, ನೆನೆಸಿದ ಕಡಲೆ, ಅಷ್ಟೇ.

"ಹಸೀದು ಏನೂ ಹಾಕೂದಿಲ್ಲೇನ ಯವ್ವಾ?"

"ಮಳಿ ಆದ್ರ ಹಸೀದು, ಇಲ್ಲಂದ್ರ ಕಣಕಿ. ನಿಮ್ಮ ಕುದರಿಗೆ ಹೋಳಿಗಿ ಬೇಕಂದ್ರ ಬ್ಯಾರೆ ಮನಿ ನೋಡ್ರಿ," ಎಂದಳು ಪರಸವ್ವ.

ಅವನು ಬೇರೆ ಮನೆಯನ್ನೇ ನೋಡಿದ. ತಿಕೋಟಾ ದಾಟಿ ಹೊನವಾಡದ ಹಾದಿಯಲ್ಲಿ ಯಲಗೂರಪ್ಪನ ದ್ರಾಕ್ಷಿ ತೋಟ. ಸಿಮೆಂಟಿನ ಲಾಯ, ಮೇಲೆ ಫ್ಯಾನು, ತೊಳೆದಿಟ್ಟಂಥ ಕುದುರೆಗಳು. ದ್ರಾಕ್ಷಿ ಸಾಲುಗಳ ನಡುವೆ ಮೊಣಕಾಲುದ್ದ ಹುಲ್ಲು. ಅದನ್ನೇ ಕೊಯ್ದು ಕುದುರೆಗಳ ಮುಂದಿನ ಗ್ವಾದಲಿಗೆ ಸುರಿಯುತ್ತಿದ್ದರು. ಬೇಸಿಗೆಯಲ್ಲಿ ಅಷ್ಟು ಹಸಿರು ಕಂಡರೆ ನಮ್ಮ ಕಡೆಯವರ ಬುದ್ಧಿ ಸ್ತಿಮಿತದಲ್ಲಿರುವುದಿಲ್ಲ. ಹುಲ್ಲಿನ ಮೇಲೆ ನೀಲಿ ಪುಡಿಯಂಥದ್ದೇನೋ ಇತ್ತು. ಬೆರಳಿಗೆ ಹತ್ತಿದ್ದನ್ನು ಪೈಜಾಮಕ್ಕೆ ಒರೆಸಿಕೊಂಡು ಅಲ್ಲಾಉದ್ದೀನ ಅಲ್ಲಿಯೇ ಮಾತು ಮುಗಿಸಿ ಬಂದ.

ಮನೆಯಲ್ಲಿ ಹೆಂಡತಿ ಮಾಶಾಬಿ ಎಲ್ಲವನ್ನೂ ಕೇಳಿಸಿಕೊಂಡು, "ಅಲ್ಲಿ ಮರಿ ಎಷ್ಟ ಇದ್ವು?" ಎಂದಳು.

"ಮರಿ ನೋಡಾಕ ಹೋಗಿದ್ನೇನ? ಮೇವು ನೋಡಾಕ ಹೋಗಿದ್ದೆ."

"ಕುದರಿ ಬಿಡೂದು ಮರಿ ಸಲುವಾಗಿ ಅಲ್ಲೇನ್ರಿ?"

"ಕುದರಿ ನಾ ಕಂಡೇನಿ. ನೀ ರೊಟ್ಟಿ ನೋಡು."

ಮಾಶಾಬಿ ರೊಟ್ಟಿ ನೋಡಿದಳು. ಬಿಜಲಿ ಯಲಗೂರಪ್ಪನ ತೋಟ ಸೇರಿತು. ಇನ್ನೇನು ಈಯುತ್ತದೆ ಅನ್ನುವಾಗ ಕಂದು ಹಾಕಿತು, ಮರಿ ಸತ್ತೇ ಬಿತ್ತು. ಅಲ್ಲಾಉದ್ದೀನ ಹೋದಾಗ ಮರಿಯನ್ನು ಆಗಲೇ ಮಣ್ಣು ಮಾಡಿದ್ದರು. ತೋಟದಲ್ಲಿ ಟ್ರ್ಯಾಕ್ಟರು ಬಳ್ಳಿಗಳ ಮೇಲೆ ನೀಲಿ ಔಷಧ ಹೊಡೆಯುತ್ತ ಸಾಗಿತ್ತು. ಅದು ದಾಟಿದ ಸಾಲಿನಲ್ಲೇ ಆಳುಗಳು ಕುಳಿತು ಹುಲ್ಲು ಕೊಯ್ಯುತ್ತಿದ್ದರು.

"ಇದನ್ನ ತಿನ್ನಿಸೀರೇನ?"

"ಅದರಿಂದನ ಆಗೈತಿ ಅಂತ ಹೆಂಗ ಹೇಳ್ತೀರಿ?" ಎಂದ ಯಲಗೂರಪ್ಪ. "ನಮ್ಮ ಎಮ್ಮಿನೂ ಇದನ್ನ ತಿಂತಾವು. ಹೆಂಗ ಮಿಂಚಾಕತ್ತಾವ ನೋಡ್ರಿ."

"ಮಿಂಚೂದು ಕಂಡೇನಿ. ಕರ ಎಲ್ಲಿ ಅದಾವ?"

ಯಲಗೂರಪ್ಪ ಆಳನ್ನು ಕರೆದು ಚಹಾ ತರಲು ಹೇಳಿದ. ದನದ ಡಾಕ್ಟರು ಬಂದು ನೋಡಿ, ಕಾರಣ ಇದೇ ಎಂದು ಖಚಿತವಾಗಿ ಹೇಳಲಾಗದು, ಇನ್ನು ಈ ಕುದುರೆಗೆ ಗಬ್ಬ ಮಾತ್ರ ಬೇಡ ಎಂದರು. ಅಲ್ಲಾಉದ್ದೀನ ಚಹಾ ಮುಟ್ಟದೆ ಬಿಜಲಿಯನ್ನು ಟೆಂಪೋ ಹತ್ತಿಸಿದ. ಟೆಂಪೋದಲ್ಲಿ ಯಾರೋ ಒಂದು ಹೊರೆ ಹಸಿ ಹುಲ್ಲು ಇಟ್ಟಿದ್ದರು. ಅದನ್ನು ತಿಕೋಟಾದಾಚೆ ರಸ್ತೆಗೆ ಎಸೆದ.

ಮಾಶಾಬಿ ಬಿಜಲಿಯ ಮುಂದೆ ನೀರಿಟ್ಟು ರೊಟ್ಟಿ ಬಡಿಯಲು ಹೋದಳು. ಏನಾಯಿತೆಂದು ಕೇಳಿದ್ದರೆ ಒಳ್ಳೆಯದಿತ್ತು, ಅಲ್ಲಾಉದ್ದೀನ ಒಂದು ಸಲ ಒದರಾಡಿ ಹಗುರಾಗುತ್ತಿದ್ದ.

ಮದುವೆಯ ಹಂಗಾಮು ಕಾಯುವುದಿಲ್ಲ. ಮುಂದಿನ ವಾರವೇ ಬಿಜಲಿಗೆ ಜರಿಯ ಜೂಲು ಹೊದಿಸಿ ಸಿದ್ಧೇಶ್ವರ ಗುಡಿಯ ಹತ್ತಿರದ ಮೆರವಣಿಗೆಯಲ್ಲಿ ನಿಲ್ಲಿಸಬೇಕಾಯಿತು. ಬ್ಯಾಂಡು ಜೋರಾಗಿತ್ತು. ಮದುಮಗನ ಗೆಳೆಯನೊಬ್ಬ ಬಗ್ಗಿ ನೋಡಿ, "ಕಾಕಾ, ಕುದರಿ ಕೆಳಗ ಏನೋ ಹನಿಯಾಕತ್ತೈತಲ್ಲ," ಎಂದ.

ಕೆಚ್ಚಲು ಬಿಗಿದು ಹಾಲು ಸೋರುತ್ತಿತ್ತು.

"ಬೆವತೈತಿ," ಎಂದು ಅಲ್ಲಾಉದ್ದೀನ ಜೂಲನ್ನು ಇನ್ನಷ್ಟು ಕೆಳಗೆ ಎಳೆದ.