ಮಾವನ ಕೂರಿಗೆ ಕಟ್ಟಿದ ವರ್ಷ

ನಮ್ಮ ಮನೆಯ ಟಿವಿ ಪಕ್ಕದಲ್ಲಿ ಒಂದು ಮರದ ಬಟ್ಟಲಿದೆ. ಬೀಗದ ಕೈ, ಗುಳಿಗೆ ಚೀಟಿ, ಯಾರದೋ ಅಂಗಿಯ ಗುಂಡಿ ಎಲ್ಲ ಅದರಲ್ಲೇ. ತಳದಲ್ಲಿ ಮೂರು ತೂತಿರುವ ಬಟ್ಟಲಲ್ಲಿ ಗುಂಡಿ ಹಾಕಿಡುವಷ್ಟು ಜಾಣೆ ನಾನು. ಹಾಕಿದ್ದು ನೆಲದ ಮೇಲೆ ಸಿಗುತ್ತದೆ, ಎತ್ತಿ ಮತ್ತೆ ಅದರಲ್ಲೇ ಹಾಕುತ್ತೇನೆ. ಹೋದ ವಾರ ಗಂಡನ ಊರಾದ ಯಾವಗಲ್ಲಿನಿಂದ ಶಿವಪ್ಪ ಕಾಕಾ ಮೊಮ್ಮಗಳ ಮದುವೆಗೆ ಕರೆಯಲು ಬಂದಿದ್ದರು. ಅಲ್ಲಿ ನಮ್ಮ ಹೊಲಕ್ಕೆ ಹತ್ತಿದ್ದೇ ಅವರ ಹೊಲ. ಚಹಾದ ಬಸಿ ಕೆಳಗಿಡುವಾಗ ಬಟ್ಟಲು ಕಣ್ಣಿಗೆ ಬಿತ್ತು.

“ಇದು ನಿಮ್ಮ ಮಾವನ ಕೂರಿಗಿ ಬಟ್ಟಲ ಅಲ್ಲೇನವಾ? ಆ ವರ್ಷ ಕಟ್ಟಿತ್ತಲ್ಲ, ಅದs?” ಎಂದು ನಕ್ಕರು.

ನಾನೂ ನಕ್ಕೆ. ಒಳಗೆ ಮಾತ್ರ ಚುರ್ ಎಂದಿತು. ಮೂವತ್ತು ವರ್ಷವಾಯಿತು, ಮಾವ ತೀರಿಕೊಂಡೇ ಹನ್ನೆರಡು ವರ್ಷ. ಆದರೂ ಅವರ ಹೆಸರಿಗೆ ಅಂಟಿದ ಆ ಒಂದು ಮಾತು ಬಿಟ್ಟುಹೋಗಿಲ್ಲ. ಅಂಟಿಸಿದವಳು ನಾನು. ನೀವು ಹೊರಗಿನವರು, ನಿಮಗೆ ಹೇಳಲು ಸಂಕೋಚವಿಲ್ಲ.

ನನ್ನ ತವರು ಗಜೇಂದ್ರಗಡ. ಅಪ್ಪನದು ಪೇಟೆಯಲ್ಲಿ ಅರಿವೆ ಅಂಗಡಿ. ಕಾಳು ಎಂದರೆ ಅಡುಗೆಮನೆಯ ಡಬ್ಬಿಯಲ್ಲಿ ಹುಟ್ಟುವುದು ಎಂಬಷ್ಟೇ ನನ್ನ ತಿಳಿವಳಿಕೆ. ಬೇಸಿಗೆಯಲ್ಲಿ ಮದುವೆಯಾಗಿ ಯಾವಗಲ್ಲಿಗೆ ಬಂದಾಗ ಮೊದಲು ಹೆದರಿಸಿದ್ದು ಅಲ್ಲಿನ ಬಯಲು. ನಮ್ಮೂರಲ್ಲಿ ಎತ್ತ ನೋಡಿದರೂ ಗುಡ್ಡ ಅಡ್ಡ ಬರುತ್ತದೆ. ಇಲ್ಲಿ ಕರಿ ಎರೆ ನೆಲ ಮುಗಿಯುವುದೇ ಇಲ್ಲ. ಮುಂಗಾರಿನಲ್ಲಿ ಮೊದಲ ಸಲ ಕಳೆ ತೆಗೆಯಲು ಹೋದ ದಿನ ಹೆಸರಿನ ಗಿಡ ಕಿತ್ತು ಕಳೆ ಉಳಿಸಿ ಬಂದೆ. ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕು, “ಇರಲಿ ಬಿಡು, ಕಳೆನೂ ಒಂದ ವರ್ಷ ಸುಖಾ ಉಣ್ಣಲಿ” ಎಂದರು. ಪಂಚಮಿಗೆ ತವರಿಗೆ ಹೋಗಿ ಜೋಕಾಲಿ ಆಡಿ ಬಂದೆನಲ್ಲ, ಆಮೇಲಂತೂ ಮನಸ್ಸು ಇಲ್ಲಿ ನಿಲ್ಲಲೇ ಇಲ್ಲ. ಗಂಡ ನರಗುಂದದಲ್ಲಿ ಮಾಸ್ತರು, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು.

ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಸರಿಯಾಗಿ ಅತ್ತೆಯ ಕಾಲು ಉಳುಕಿತು. ಹೊಲದ ಹಸಿ ಯಾರಿಗೂ ಕಾಯುವುದಿಲ್ಲ. ಕಾಳು ಬಿಡುವ ಕೆಲಸ ನನ್ನ ಪಾಲಿಗೆ ಬಂತು.

ಕೂರಿಗೆ ಕಾಣದವರಿಗೆ ಎರಡು ಮಾತು. ಎತ್ತು ಎಳೆಯುವ ಕೂರಿಗೆಯ ಮೇಲೆ ಈ ಬಟ್ಟಲು; ಅದರ ಮೂರು ತೂತಿನಿಂದ ಮೂರು ಬಿದಿರ ಕೊಳವೆ ಮಣ್ಣಿಗೆ ಇಳಿದಿರುತ್ತವೆ. ಗಂಡಸು ಎತ್ತು ಹೊಡೆಯುತ್ತಾನೆ, ಹೆಂಗಸು ಜೊತೆಗೆ ನಡೆಯುತ್ತ ಉಡಿಯ ಕಾಳನ್ನು ಮುಷ್ಟಿಯಿಂದ ಒಂದೇ ಸಮ ಬಟ್ಟಲಿಗೆ ಬಿಡುತ್ತ ಹೋಗಬೇಕು. ಕೈ ನಿಂತರೆ ಮೂರು ಸಾಲೂ ಖಾಲಿ. ಕೊಳವೆಗೆ ಹಸಿ ಮಣ್ಣು ಸಿಕ್ಕಿ ಕಾಳು ನಿಂತರೂ ಅದೇ ಗತಿ, ಅದಕ್ಕೆ ಕೂರಿಗೆ ಕಟ್ಟಿತು ಎನ್ನುತ್ತಾರೆ; ತಪ್ಪು ಹೊಡೆಯುವವನದು. ಮಾವನ ಕೂರಿಗೆ ಒಮ್ಮೆಯೂ ಕಟ್ಟಿದ್ದಿಲ್ಲ. ಪ್ರತಿ ವರ್ಷ ಶಿವಪ್ಪ ಕಾಕಾನ ಹೊಲದಲ್ಲಿ ಮೊದಲ ಸುತ್ತು ಹೊಡೆಯಲು ಅವರಿಗೇ ಕರೆ ಬರುತ್ತಿತ್ತು. ಊರಲ್ಲಿ ಮಾವನಿಗಿದ್ದ ದೊಡ್ಡಸ್ತಿಕೆ ಎಂದರೆ ಅದೊಂದೇ.

ಮೂರು ದಿನ ಬಿತ್ತಿದೆವು. ಕಾಲಿಗೆ ಸೇರು ಸೇರು ಮಣ್ಣು ಮೆತ್ತಿಕೊಂಡು ನಾನು ಆನೆಯ ಹಾಗೆ ನಡೆದೆ. ದೂರದ ರಸ್ತೆಯಲ್ಲಿ ದಿನಕ್ಕೆ ಎರಡು ಸಲ ನರಗುಂದದಿಂದ ಗಜೇಂದ್ರಗಡಕ್ಕೆ ಹೋಗುವ ಬಸ್ಸು ಕಾಣುತ್ತಿತ್ತು. ಅದನ್ನು ಕಂಡರೆ ಅವ್ವನ ಪಡಸಾಲೆ, ಅಪ್ಪನ ಅಂಗಡಿಯ ಹೊಸ ಅರಿವೆಯ ವಾಸನೆ ಎಲ್ಲ ಮೂಗಿಗೇ ಬಂದಂತಾಗುತ್ತಿತ್ತು. ಮಾವನ ಕಣ್ಣು ಎತ್ತಿನ ಮೇಲೆ, ನನ್ನ ಕಣ್ಣು ಬಸ್ಸಿನ ಮೇಲೆ.

ಎಂಟು ದಿನಕ್ಕೆ ಮೊಳಕೆ ಎದ್ದವು. ಹಸಿರು ಸಾಲುಗಳ ನಡುವೆ ಆರು ಕಡೆ ಬೋಳು, ಒಂದೊಂದೂ ಎರಡು ಮಾರು ಉದ್ದ. ಮಾವ ಒಂದು ಬೋಳಿನಲ್ಲಿ ಹೋಗಿ ನಿಂತರು. ಮಣ್ಣು ಕೆದರಿ ನೋಡಿದರು, ಕಾಳು ಇರಲಿಲ್ಲ. ನಿಂತಲ್ಲಿಂದಲೇ ರಸ್ತೆಯ ಕಡೆ ತಿರುಗಿದರು. ಇನ್ನೊಂದು ಬೋಳಿಗೆ ಹೋಗಿ ಅಲ್ಲಿಂದಲೂ ತಿರುಗಿ ನೋಡಿದರು. ಆಮೇಲೆ ನನ್ನನ್ನು ಕರೆದರು.

“ಯವ್ವಾ, ಗಜೇಂದ್ರಗಡದ ಬಸ್ಸು ಮುಂಜಾನಿ ಎಷ್ಟಕ್ಕ?”

“ಹತ್ತೂವರಿಗಿರಿ.”

“ಇನ್ನೊಂದು?”

“ಮೂರಕ್ಕರಿ...” ಎನ್ನುವಷ್ಟರಲ್ಲಿ ನನಗೆ ಹೊಳೆಯಿತು. ನೆಲ ಬಾಯಿ ಬಿಡಬಾರದೇ ಎನಿಸಿತು. ಮೂರು ದಿನ, ಎರಡೆರಡು ಬಸ್ಸು, ಆರು ಬೋಳು.

ಅಷ್ಟರಲ್ಲಿ ಬದುವಿನ ಆಚೆಯಿಂದ ಶಿವಪ್ಪ ಕಾಕಾ ಕೂಗಿದರು: “ಏನ್ರೀ ಅಣ್ಣಾರ, ಸಾಲು ಹಿಂಗ್ಯಾಕ ಬಿಟ್ಟಾವ?”

ಮಾವ ನನ್ನ ಕಡೆ ನೋಡಲಿಲ್ಲ. “ಕೂರಿಗಿ ಕಟ್ಟಿತ್ತೋ ಶಿವಪ್ಪಾ. ವಯಸ್ಸಾತು, ಲಕ್ಷ್ಯ ಇರಲಿಲ್ಲ” ಎಂದರು.

ಮರುದಿನ ಅವರೇ ನನ್ನನ್ನು ಬಸ್ಸಿಗೆ ಹತ್ತಿಸಿದರು. “ಹೊಲದಾಗ ನಿಂತು ಬಸ್ಸು ನೋಡೂದಕ್ಕಿಂತ ಒಳಗ ಕುಂತು ಹೋಗೂದು ಚಲೋ. ಎಂಟ ದಿನ ಇದ್ದು ಬಾ.” ನಾನು ಐದನೇ ದಿನಕ್ಕೇ ತಿರುಗಿ ಬಂದೆ. ತವರಲ್ಲಿ ಕೂತರೂ ಕಣ್ಣ ಮುಂದೆ ಆ ಆರು ಬೋಳೇ.

ಅಷ್ಟರಲ್ಲಿ ಅತ್ತೆ ಕುಂಟುತ್ತ ಹೋಗಿ ಬೋಳಿಗೆಲ್ಲ ಕಡಲೆ ಊರಿದ್ದರು. ಎಳ್ಳಮವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಉಣ್ಣಲು ಕೂತಾಗ, ಅತ್ತೆ ಮುಖ ಗಂಭೀರ ಮಾಡಿಕೊಂಡು, “ಹೋಗವಾ, ಮೂರರ ಬಸ್ಸಿನ ಸ್ಟಾಪಿನ್ಯಾಗ ಕಾಯಿ ಹಿಡದಾವ, ನಾಕ ಗಿಡಾ ಕಿತಗೊಂಬಾ” ಎಂದರು. ಮಾವ ರೊಟ್ಟಿ ಬಿಟ್ಟು ಕೆಮ್ಮುವಷ್ಟು ನಕ್ಕರು. ಗಂಡನಿಗೆ ಏನೂ ತಿಳಿಯಲಿಲ್ಲ. ಯಾರೂ ತಿಳಿಸಲೂ ಇಲ್ಲ. ಆ ದಿನ ಬೆರಳಿಗೆ ಅಂಟಿದ ಕಡಲೆ ಗಿಡದ ಹುಳಿ ಇನ್ನೂ ನೆನಪಿದೆ. ನಾನು ಆ ಮನೆಯವಳಾದದ್ದು ಅವತ್ತು, ತಾಳಿ ಕಟ್ಟಿದ ದಿನವಲ್ಲ.

ಜೋಳ ಕಿತ್ತದ್ದಾಯಿತು, ರಾಶಿಯಾಯಿತು, ವರ್ಷ ತಿರುಗಿತು. ಮತ್ತೆ ಬಿತ್ತನೆ ಬಂದಾಗ ಶಿವಪ್ಪ ಕಾಕಾನ ಮನೆಯಿಂದ ಕರೆ ಬರಲಿಲ್ಲ. ಮೊದಲ ಸುತ್ತಿಗೆ ಬೇರೆಯವರನ್ನು ಕರೆದಿದ್ದರು. ಆ ಮುಂಜಾನೆ ಮಾವ ಕಟ್ಟೆಯ ಮೇಲೆ ಕೂತು ಈ ಬಟ್ಟಲಿಗೆ ಎಣ್ಣೆ ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ಮಾವಾರ, ಕಾಕಾಗ ನಾನs ಖರೇ ಹೇಳಿ ಬರ್ತೀನ್ರಿ.”

“ಏನಂತ? ನಮ್ಮ ಮನ್ಯಾಗ ಸೊಸಿ ತವರು ನೆನಸಿ ಅಳತಾಳ ಅಂತನ? ಕೂರಿಗಿ ಕಟ್ಟಿತ್ತು, ಮುಗೀತು. ಒಳಗ ಹೋಗು, ರೊಟ್ಟಿ ಹೊತ್ತತಾವ.”

ಒಳಗೆ ಹೋದೆ. ರೊಟ್ಟಿ ನಿಜವಾಗಿಯೂ ಹೊತ್ತಿತ್ತು. ಆಮೇಲೆ ಆ ಮಾತು ಎತ್ತಲಿಲ್ಲ. ಮೊದಲು ಹೆದರಿಕೆ, ಆಮೇಲೆ ರೂಢಿ. ಮಕ್ಕಳ ಸಾಲೆಗೆಂದು ರೋಣಕ್ಕೆ ಬಂದೆವು. ಹೊಲ ಈಗಲೂ ನಮ್ಮದೇ, ಬಿತ್ತುವುದು ಮಾತ್ರ ಟ್ರ್ಯಾಕ್ಟರ್.

ಹೋದ ವಾರ ಶಿವಪ್ಪ ಕಾಕಾ ನಕ್ಕಾಗ ಇನ್ನು ಸಾಕು ಎನಿಸಿತು. ಎಲ್ಲ ಹೇಳಿಬಿಟ್ಟೆ: ಬಸ್ಸು, ನನ್ನ ಕೈ, ಆರು ಬೋಳು. ಕಾಕಾನ ಕಣ್ಣಲ್ಲಿ ನೀರು ಬಂತು. ನನ್ನ ಎದೆ ಹಗುರಾಯಿತು.

“ಸತ್ತ ಮಾವನ ಹೆಸರು ಉಳಸಾಕ ತಪ್ಪು ತನ್ನ ಮ್ಯಾಲ ಹಾಕ್ಕೊಳ್ಳೂ ಸೊಸಿ ಈಗಿನ ಕಾಲಕ್ಕ ಎಲ್ಲಿ ಸಿಗತಾಳವಾ!” ಎಂದರು. “ಪುಣ್ಯಾ ಮಾಡಿದ್ರು ನಿಮ್ಮ ಮಾವ.”

“ಇಲ್ರಿ ಕಾಕಾ, ನಾ ಖರೇನs ಹೇಳಾಕತ್ತೀನ್ರಿ!”

“ಆತಾತು. ಕೂರಿಗಿ ಕಟ್ಟಿತ್ತಂತ ಅವರs ನನ್ನ ಮುಂದ ಹೇಳ್ಯಾರ. ಜೀವಮಾನದಾಗ ಒಂದ ಸುಳ್ಳು ಹೇಳಿದ ಮನಿಶ್ಯಾ ಅಲ್ಲ ಅವರು.”

ಖಾಲಿ ಬಸಿ ಎತ್ತಿ ಒಳಗಿಟ್ಟು ಬಂದೆ.

ಅವರನ್ನು ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಹೋದೆ. ಕಿಟಕಿಯಿಂದ ಕೈ ಬೀಸಿದರು. ಯಾವಗಲ್ ಕಡೆಯ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತೇ ಇದ್ದೆ. ಪಕ್ಕದಲ್ಲೇ ನಿಂತಿದ್ದ ಗಜೇಂದ್ರಗಡದ ಬಸ್ಸು ಯಾವಾಗ ಹೊರಟಿತೋ, ನಾನು ನೋಡಲೇ ಇಲ್ಲ.