ಮೀಸೆಯಣ್ಣ ಎಸೆದ ಹಗ್ಗ

"ಆ ಮನೇಲಿ ಹಾಲು ಉಕ್ಕಿದ ಮೇಲೇ ಇಳಿಸೋದು" ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಸುಳ್ಳೇನಲ್ಲ. ದೋಣಿಕಟ್ಟೆಯ ಮೆಟ್ಟಿಲ ಮೇಲಿನ ಆ ಮನೆಯಾಕೆ ಇಂಜಿನ್ನಿನ ಸದ್ದು ಕೇಳಿದರೆ ಸಾಕು, ಸೌಟು ಬಿಸಾಕಿ ಓಡುತ್ತಿದ್ದಳು. ದೋಣಿ ಯಾರದಾದರೂ ಆಗಲಿ, ಹಗ್ಗ ಹಿಡಿಯಲು ಅವಳಿರಬೇಕು. ಕಸುಬು ಹಾಯಿ ಹೊಲಿಯುವುದು, ಊರಿಗೆಲ್ಲ ಹಗ್ಗದಕ್ಕ.

ಹಗ್ಗ ಹಿಡಿಯುವುದೆಂದರೆ ಎಳೆಯುವುದಲ್ಲ. ಗೊತ್ತಿಲ್ಲದವರು ಮುಂದಿನ ಹಗ್ಗ ಜಗ್ಗುತ್ತಾರೆ. ದೋಣಿಯ ಮೂತಿ ಕಟ್ಟೆಗೆ ಗುದ್ದುತ್ತದೆ, ಬಾಲ ಪಕ್ಕದ ದೋಣಿಗೆ ಬಡಿಯುತ್ತದೆ. ಹಗ್ಗದಕ್ಕ ಕೇಳುತ್ತಿದ್ದುದು ನಡುಹಗ್ಗ. ದೋಣಿಯ ನಡುವಿನಿಂದ ಬಂದ ಅದನ್ನು ಕಟ್ಟೆಯ ಹಿಂದಿನ ಗೂಟಕ್ಕೊಂದು ಸುತ್ತು ಹಾಕಿ ಹಿಡಿದರೆ, ಇಂಜಿನ್ ಮೆಲ್ಲಗೆ ಮುಂದೊತ್ತಿದಂತೆ ದೋಣಿ ತಾನಾಗಿ ಬಂದು ಒರಗುತ್ತಿತ್ತು.

ಎಲ್ಲರೂ ಅವಳಿಗೆ ಹಗ್ಗ ಎಸೆಯುತ್ತಿದ್ದರು, ಸರಕು ದೋಣಿಯ ಮೀಸೆಯಣ್ಣನೊಬ್ಬನನ್ನು ಬಿಟ್ಟು. "ನನ್ನ ದೋಣಿ ನಾನು ಕಟ್ಕೋತೀನಿ. ನೀನು ಹಾಲು ನೋಡ್ಕೋ ಹೋಗು" ಎನ್ನುತ್ತಿದ್ದ. ಅಷ್ಟು ವರ್ಷವೂ ಅದೊಂದು ಅವಳಿಗೆ ಚುಚ್ಚುತ್ತಲೇ ಇತ್ತು.

ಗಂಡನ ಮಂಡಿ ಮೆಟ್ಟಿಲಿಗೆ ಸೋತು, ನೀರಿಂದ ದೂರ, ಮಗಳ ಬೀದಿಯಲ್ಲಿ ಮನೆ ಹಿಡಿದಾಯಿತು. ಸಾಮಾನೆಲ್ಲ ವ್ಯಾನಿಗೇರಿದ ದಿನವೇ ದಡದ ಕಡೆಯಿಂದ ಗಾಳಿ ಎದ್ದಿತು. ಮೀಸೆಯಣ್ಣ ಎರಡು ಸಲ ದೋಣಿಯನ್ನು ಕಟ್ಟೆಗೆ ತಂದ, ಎರಡು ಸಲವೂ ಗಾಳಿ ಅದನ್ನು ಹಿಂದಕ್ಕೆ ನೂಕಿತು. ಹಿಂದೆ ಸಾಲು ದೋಣಿಗಳು ನಿಂತಿದ್ದವು, ಇನ್ನೊಮ್ಮೆ ನೂಕಿದರೆ ಅವಕ್ಕೆ ಬಡಿಯುವುದೇ. ಬೇರೆ ದಾರಿ ಕಾಣದೆ ಅವನು ಮುಂದಿನ ಹಗ್ಗವನ್ನು ಕಟ್ಟೆಯತ್ತ ಎಸೆದ. ವ್ಯಾನಿನ ಡ್ರೈವರ್ ಹಿಡಿದು ಜಗ್ಗತೊಡಗಿದ.

"ಬಿಡೋ ಮಾರಾಯ! ಅದೇನು ಎಮ್ಮೆನಾ?" ಹಗ್ಗದಕ್ಕ ಓಡಿಬಂದಳು. "ಮೀಸೆಯಣ್ಣಾ, ನಡುಹಗ್ಗ!"

ಅವನು ಹಿಂದಿನ ದೋಣಿಗಳನ್ನು ನೋಡಿದ, ಅವಳನ್ನು ನೋಡಿದ.

"ತಗೋ ಅಕ್ಕಾ!"

ಹಾರಿಬಂದ ನಡುಹಗ್ಗ ಹಿಡಿದು ಅವಳು ಗೂಟಕ್ಕೆ ಸುತ್ತು ಹಾಕಿದಳು. "ಚುಕ್ಕಾಣಿ ಆ ಕಡೆ! ಮೆಲ್ಲಗೆ ಮುಂದೆ!" ಗೂಟ ಕಿರುಗುಟ್ಟಿತು, ಹಗ್ಗ ಬಿಗಿಯಿತು. ಆ ದೊಡ್ಡ ದೋಣಿ ಹಸುವಿನಂತೆ ಪಕ್ಕಕ್ಕೆ ಬಂದು ನಿಂತಿತು.

ಮೀಸೆಯಣ್ಣ ಇಳಿದು ಗಂಟು ಮುಟ್ಟಿ ನೋಡಿದ. ತಿದ್ದುವುದೇನೂ ಇರಲಿಲ್ಲ.

"ನಾಳೆಯಿಂದ ನೀನಿರಲ್ಲ ಅಂತೆ?"

"ಹೂಂ."

"ಹಾಗಾದ್ರೆ ಆ ಸುತ್ತು ಇನ್ನೊಂದ್ಸಲ ಹಾಕಿ ತೋರಿಸು. ಬಂದೋರ ಹಗ್ಗ ಯಾರಾದ್ರೂ ಹಿಡೀಬೇಕಲ್ಲ."

ತೋರಿಸಿದಳು. ಅವನ ಕೈಲೂ ಹಾಕಿಸಿದಳು, ಸರಿಯಿಲ್ಲವೆಂದು ಬಿಚ್ಚಿಸಿ ಮತ್ತೆ ಹಾಕಿಸಿದಳು. ಬಿಡುತ್ತಾಳೆಯೇ!

ವ್ಯಾನಿನೊಳಗಿಂದ ಗಂಡ ಕೂಗಿದ: "ಏನೇ, ಬೀಗ ಹಾಕಿದ್ಯಾ?"

"ಬಂದೆ ರೀ! ಮನೆ ಎಲ್ಲೂ ಓಡಿಹೋಗಲ್ಲ!"

ಹೊರಡುವಾಗ ಅಳು ಬಂದೇ ಬರುತ್ತದೆಂದು ಬೆಳಗಿನಿಂದ ಕರವಸ್ತ್ರ ಮಡಚಿಟ್ಟುಕೊಂಡಿದ್ದ ಹೆಂಗಸು, ಅದರಲ್ಲಿ ಒದ್ದೆ ಕೈ ಒರೆಸಿಕೊಂಡಳು. ಮೆಟ್ಟಿಲು ಹತ್ತಿ ಬಾಗಿಲೆಳೆದು ಬೀಗ ಜಡಿದು, ತಲೆಯೆತ್ತಿ ಮೆಟ್ಟಿಲಿಳಿದಳು.