ನನ್ನ ಅಂಗಾಲಿಗೆ ಪರೀಕ್ಷೆ

ಗೆಳೆಯರೆ, ಇವತ್ತು ಬೀದರಿನ ಆಸ್ಪತ್ರೆಯಲ್ಲಿ ನನ್ನ ಅಂಗಾಲಿಗೆ ಪರೀಕ್ಷೆ ನಡೆಯಿತು. ಸಕ್ಕರೆ ಕಾಯಿಲೆಯಿಂದ ಪಾದ ಉರಿಯುತ್ತಿತ್ತು. ಸ್ಪರ್ಶವೂ ಹೋಯಿತೇನೋ ಎಂಬ ಹೆದರಿಕೆ ಇತ್ತು.

ಡಾಕ್ಟರಮ್ಮ ನನ್ನ ಕಣ್ಣು ಮುಚ್ಚಿಸಿ, "ಈ ದಾರ ತಾಗಿದಾಗ ಹೇಳ್ರಿ" ಎಂದರು. ಊರ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದವನು ನಾನು. ತಕ್ಷಣ "ಗೊತ್ತಾತ್ರಿ" ಎಂದೆ.

"ಕಾಕಾ, ನಾ ಇನ್ನಾ ಮುಟ್ಟೇ ಇಲ್ರಿ."

"ಪಾಸಾಗೋ ಪರೀಕ್ಷಾ ಅಲ್ಲ ಇದು, ಖರೇ ಹೇಳ್ರಿ" ಎಂದು ಜೊತೆಗೆ ಬಂದಿದ್ದ ಹೆಂಡತಿ ಗದರಿದಳು.

ಖರೇ ಹೇಳಿದೆ. ಎಲ್ಲ ಕಡೆಯೂ ಗೊತ್ತಾಯಿತು. "ಸ್ಪರ್ಶ ಛಲೋ ಅದರಿ. ಸಕ್ರಿ ಹಿಡಿತದಾಗ ಇಟ್ಟು ಗುಳಿಗಿ ತಗೊಂಡ್ರ ಉರಿನೂ ಕಡಿಮಿ ಆಗ್ತದ" ಎಂದರು ಡಾಕ್ಟರಮ್ಮ.

ಔರಾದಕ್ಕೆ ಮರಳುವಾಗ ಬಸ್ಸಿನಲ್ಲಿ ಒಬ್ಬ ನನ್ನ ಹೆಬ್ಬೆರಳು ತುಳಿದ. ಜೀವ ಹೋಗುವಷ್ಟು ನೋವಾಯಿತು. "ಶಾಬಾಸ್" ಎಂದು ಅವನ ಬೆನ್ನು ತಟ್ಟಿದೆ. ಪಾಪ, ಆತ ಮುಂದಿನ ಸ್ಟಾಪಿನಲ್ಲೇ ಇಳಿದುಹೋದ.